ತಮ್ಮನ ಬಾಯಿ ಮುಚ್ಚಿದ ಮಧ್ಯಾಹ್ನ

ತೊಂಬತ್ತರ ದಶಕದ ಕೊನೆ. ನನಗಾಗ ಹದಿನೈದು, ತಮ್ಮನಿಗೆ ಆರು. ಮೂಗೂರಿನಲ್ಲಿ ಅಪ್ಪನ ಅಕ್ಕ, ನಮ್ಮ ಅತ್ತೆ, ಮಗಳ ಮದುವೆ ಮುಗಿಸಿ ಬೀಗರೂಟ ಇಟ್ಟುಕೊಂಡಿದ್ದರು. ಅಪ್ಪ ನಮ್ಮಿಬ್ಬರನ್ನೂ ನಂಜನಗೂಡಿನಿಂದ ಮೊಪೆಡ್ಡಿನಲ್ಲಿ ಕರೆದುಕೊಂಡು ಹೋದರು. ಹೋಗುವಾಗ ಚೆನ್ನಾಗಿಯೇ ಇದ್ದರು. ಊಟ ಮುಗಿಯುವ ಹೊತ್ತಿಗೆ ಹಿತ್ತಲಿನಿಂದ ಗೋಡೆ ಹಿಡಿದುಕೊಂಡು ಬಂದರು. ಕುಡಿದಾಗ ಅಪ್ಪನಿಗೆ ಮೊದಲು ಪ್ರೀತಿ ಜಾಸ್ತಿಯಾಗುತ್ತಿತ್ತು, ಆಮೇಲೆ ಕೈ ಏಳುತ್ತಿತ್ತು.

"ನಡೀರಿ, ಒತ್ತು ಮುಳುಗೋದ್ರೊಳ್ಗೆ ಊರ್ ಸೇರ್ಬೇಕು."

"ಬಸ್ಸಲ್ಲಿ ಓಗವಾ ಅಪ್ಪ," ಎಂದೆ.

"ಯಾಕಮ್ಮಿ, ನಾನೇನ್ ಬೀಳಿಸ್ಬುಟ್ಟನಾ?"

ಅತ್ತೆ ನಕ್ಕರು. "ದಿನಾ ಓಡ್ಸೋನು ಕಣವ್ವ, ಏನೂ ಆಗಲ್ಲ. ಓಗು."

ಅಪ್ಪ ಟವಲ್ ತರಲು ಒಳಗೆ ಹೋದಾಗ ನಾನು ಬಗ್ಗಿ ಪೆಟ್ರೋಲ್ ನಾಬ್ ತಿರುಗಿಸಿ ಬಂದ್ ಮಾಡಿದೆ. ಗಾಡಿ ಸ್ಟಾರ್ಟೇ ಆಗುವುದಿಲ್ಲ ಎಂದುಕೊಂಡಿದ್ದೆ. ಪೈಪಿನಲ್ಲಿ ಉಳಿದ ಪೆಟ್ರೋಲಿನಲ್ಲೂ ಅದು ಸ್ವಲ್ಪ ದೂರ ಓಡುತ್ತದೆಂದು ನನಗೆ ಗೊತ್ತಿರಲಿಲ್ಲ. ಅಪ್ಪ ತಮ್ಮನನ್ನು ಮುಂದೆ ನಿಲ್ಲಿಸಿಕೊಂಡು ಪೆಡಲ್ ತುಳಿದರು. ನಾನು ಹತ್ತುವ ಮೊದಲೇ ಗಾಡಿ ಹೊರಟುಬಿಟ್ಟಿತು.

ಬರಿಗಾಲಲ್ಲೇ ಓಡಿದೆ. ನಾಲೆ ಪಕ್ಕದ ರಸ್ತೆ. ಮೊಪೆಡ್ ಒಮ್ಮೆ ನೀರಿನ ಕಡೆಗೆ, ಒಮ್ಮೆ ಗದ್ದೆಯ ಕಡೆಗೆ ವಾಲುತ್ತಿತ್ತು. ತಮ್ಮ ಖುಷಿಯಿಂದ ಕೇಕೆ ಹಾಕುತ್ತಿದ್ದ. ಎದುರಿಗೆ ಕಬ್ಬಿನ ಲಾರಿಯೊಂದು ಹಾರನ್ ಹೊಡೆಯುತ್ತ ಬಂತು. ಅದು ಎಬ್ಬಿಸಿದ ಧೂಳಿನಲ್ಲಿ ನನಗೆ ಏನೂ ಕಾಣಲಿಲ್ಲ. ಧೂಳು ಇಳಿದಾಗ ಮೊಪೆಡ್ ರಸ್ತೆಯಂಚಿಗೆ ನಿಂತಿತ್ತು. ಅಪ್ಪ ಅದನ್ನು ಬೈಯುತ್ತ ಪೆಡಲ್ ತುಳಿಯುತ್ತಿದ್ದರು.

"ಅಪ್ಪ, ಇವ್ನಿಗೆ ಒಂದಕ್ಕೆ ಬಂದದಂತೆ," ಎಂದು ತಮ್ಮನನ್ನು ಎತ್ತಿಕೊಂಡೆ.

"ನಂಗೇನ್ ಬಂದಿಲ್ಲ!" ಎಂದು ಅವನು ಒದ್ದಾಡಿದ. ಅಷ್ಟರಲ್ಲಿ ಪಕ್ಕದ ಕಬ್ಬಿನ ಗದ್ದೆಯೊಳಕ್ಕೆ ನುಗ್ಗಿದ್ದೆ.

ಸಾಲುಗಳ ನಡುವೆ ಕೂತು ಅವನ ಬಾಯಿ ಮುಚ್ಚಿದೆ.

"ಮಗ... ಬಾ ಮಗ," ಎಂದು ಅಪ್ಪ ಕರೆದರು. ಸ್ವಲ್ಪ ಹೊತ್ತಿಗೆ ದನಿ ಬದಲಾಯಿತು. "ಎಲ್ಲೋದ್ರಿ? ಸಿಕ್ಕುದ್ರೆ ಸಿಗ್ದಾಕ್ಬುಡ್ತೀನಿ!"

ಬದುವಿನ ಮೇಲೆ ಅವರ ಕಾಲು ಕಂಡವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಮ್ಮ ನನ್ನ ಬೆರಳು ಕಚ್ಚಿದ. ಕಣ್ಣಲ್ಲಿ ನೀರು ಬಂದರೂ ನಾನು ಕೈ ತೆಗೆಯಲಿಲ್ಲ. ಕೊನೆಗೆ ಆ ಕಾಲುಗಳು ತಿರುಗಿದವು. ಬಹಳ ಹೊತ್ತು ಬಿಟ್ಟು ಇಣುಕಿದಾಗ ಅಪ್ಪ ಮರದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಅತ್ತೆಯ ಮನೆಗೆ ವಾಪಸು ನಡೆದೆವು. ನನ್ನ ಬೆರಳಿನ ರಕ್ತ ನೋಡಿದ ಅತ್ತೆ ಈ ಸಲ ನಗಲಿಲ್ಲ. ಅಪ್ಪನನ್ನು ಎತ್ತಿ ತರಲು ಮಗನನ್ನು ಕಳಿಸಿ, ನಮ್ಮನ್ನು ತಾವೇ ಬಸ್ಸು ಹತ್ತಿಸಿದರು.

ಬಸ್ಸಿನಲ್ಲಿ ತಮ್ಮ ನನ್ನಿಂದ ದೂರ ಸರಿದು ಕೂತ. "ಅಪ್ಪ ಕರೀತಿತ್ತು. ನೀನ್ಯಾಕೆ ಬಿಡ್ನಿಲ್ಲ?" ಎಂದು ಅಳುತ್ತಲೇ ಇದ್ದ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಪ್ಪನ ಕುಡಿತವೇನೂ ನಿಲ್ಲಲಿಲ್ಲ. ಆದರೆ ಅಮ್ಮ ಮತ್ತೆಂದೂ ತಮ್ಮನನ್ನು ಆ ಗಾಡಿ ಹತ್ತಲು ಬಿಡಲಿಲ್ಲ. ಅದಕ್ಕೂ ಅವನು ನನ್ನ ಮೇಲೆಯೇ ಮುನಿಸಿಕೊಂಡ.