ದೆವ್ವದ ಪಾರ್ಟಿನ ಮೌಶಿ

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಟಿವಿಯಲ್ಲಿ ವಾರಕ್ಕೊಮ್ಮೆ ದೆವ್ವದ ಧಾರಾವಾಹಿಯೊಂದು ಬರುತ್ತಿತ್ತು. ಕಥೆ ಪ್ರತಿ ವಾರ ಬೇರೆ, ದೆವ್ವ ಮಾತ್ರ ಬಹುಮಟ್ಟಿಗೆ ಒಂದೇ. ಬಿಳಿ ಸೀರೆ, ಮೊಣಕಾಲಿನವರೆಗೆ ಬಿಚ್ಚಿದ ಕೂದಲು, ಗುಳಿಬಿದ್ದ ಕಣ್ಣು. ಹಾಳುಬಿದ್ದ ವಾಡೆಯ ಮೆಟ್ಟಿಲಿಳಿದು ಅವಸರವಿಲ್ಲದೆ ಕ್ಯಾಮೆರಾದ ಕಡೆ ನಡೆದು ಬರುತ್ತಿದ್ದಳು. ಹತ್ತಿರ ಬಂದು ನಗುತ್ತಿದ್ದಳು. ಪುಣೆಯ ಮಾರ್ಕೆಟ್ ಯಾರ್ಡಿನ ಪಕ್ಕದಲ್ಲಿದ್ದ ನಮ್ಮ ಮೂರು ಮಾಳಿಗೆಯ ಕಟ್ಟಡದ ಮಕ್ಕಳೆಲ್ಲ ನಮ್ಮ ಮನೆಗೇ ಬಂದು ಅದನ್ನು ನೋಡುತ್ತಿದ್ದರು. ಆ ನಗು ಶುರುವಾದರೆ ಅರ್ಧ ಜನ ಚಾದರದೊಳಗೆ. ನಟಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮುಖ ಎಲ್ಲರಿಗೂ ಗೊತ್ತಿತ್ತು.

ಆ ಮುಖದವಳೇ ಒಂದು ದಿನ ನಮ್ಮ ಎದುರಿನ ಮನೆಗೆ ಬಾಡಿಗೆಗೆ ಬಂದಳು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಸ್ಟೋವು. ಟೆಂಪೋದಿಂದ ಇಳಿದವಳನ್ನು ಗೇಟಿನಲ್ಲಿ ಆಡುತ್ತಿದ್ದ ಹುಡುಗನೊಬ್ಬ ನೋಡಿ "ಹಡಳ!" ಎಂದು ಕಿರುಚಿ ಓಡಿದ. ಮರಾಠಿಯಲ್ಲಿ ಹೆಣ್ಣು ದೆವ್ವಕ್ಕೆ ಹಾಗನ್ನುತ್ತಾರೆ. ಸಂಜೆಯ ಹೊತ್ತಿಗೆ ಇಡೀ ಕಟ್ಟಡಕ್ಕೆ ಸುದ್ದಿಯಾಗಿತ್ತು.

ನಾವು ಮಕ್ಕಳು ಆ ಬಾಗಿಲಿನ ಮುಂದೆ ಉಸಿರು ಹಿಡಿದು ಓಡುತ್ತಿದ್ದೆವು. ದೊಡ್ಡವರು ಓಡುತ್ತಿರಲಿಲ್ಲ, ಆದರೆ ಆಕೆ ಮೆಟ್ಟಿಲು ಹತ್ತುವಾಗ ತಮ್ಮ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಹೀಗಿರುವಾಗ ಒಂದು ದಿನ ಆಕೆಯ ಕೈಚೀಲ ಹರಿದು ಬಟಾಟೆಗಳೆಲ್ಲ ಮೆಟ್ಟಿಲ ಮೇಲೆ ಉರುಳಿದವು. "ಅಯ್ಯ ಶಿವನ, ಎಲ್ಲಾ ಹೋದ್ವಲ್ಲೊ" ಎಂಬ ಮಾತು ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮ ಅವ್ವನ ಕಿವಿಗೆ ಬಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲು ತೆರೆದಳು.

"ನೀವು ಕನ್ನಡದವರೇನ್ರಿ?"

"ಹೌದ್ರಿ. ಬಿಜಾಪುರ ಕಡೆ."

"ಮತ್ತ ಇಷ್ಟ್ ದಿನ ಹೇಳಬಾರದ? ಬರ್ರಿ ಒಳಗ, ಬರ್ರಿ."

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಟಿವಿಯೊಳಗಿನ ದೆವ್ವ ನಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಿತು.

ಅಂದಿನಿಂದ ಆಕೆ ನಮಗೆ ಮೌಶಿಯಾದಳು, ಅವ್ವನ ತಂಗಿಯ ಹಾಗೆ. ದಿನಾ ಮಧ್ಯಾಹ್ನ ಬರುತ್ತಿದ್ದಳು. ಅವ್ವನೊಂದಿಗೆ ಅಕ್ಕಿ ಆರಿಸುತ್ತ, ಶಾವಿಗೆ ಹೊಸೆಯುತ್ತ ಮಾತಾಡುತ್ತಿದ್ದಳು. ನಮ್ಮಪ್ಪ ಮಾರ್ಕೆಟ್ ಯಾರ್ಡಿನ ಒಣಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವನ ಅಂಗಿಯ ಮೆಣಸಿನ ಘಾಟಿಗೆ ಮೌಶಿಗೆ ದಮ್ಮು ಏರುತ್ತಿತ್ತು. ಅವ್ವ ಅಪ್ಪನಿಗೆ ಬಾಲ್ಕನಿಯಲ್ಲೇ ಬಟ್ಟೆ ಬದಲಿಸಿ ಒಳಗೆ ಬರಲು ಹೇಳತೊಡಗಿದಳು. ಅಪ್ಪ ಗೊಣಗುತ್ತಲೇ ಬದಲಿಸುತ್ತಿದ್ದ.

ಮೌಶಿ ಹುಡುಗಿಯಾಗಿದ್ದಾಗ ನಾಟಕ ಕಂಪನಿ ಸೇರಿದವಳು. ರಾಣಿ ಪಾರ್ಟು ಮಾಡುತ್ತಿದ್ದಳು, ಹಾಡುತ್ತಿದ್ದಳು. ಕಿರೀಟ ಹಾಕಿಕೊಂಡ ಒಂದು ಫೋಟೋ ಟ್ರಂಕಿನ ಮೇಲೆ ನಿಲ್ಲಿಸಿಟ್ಟಿದ್ದಳು. ತುಂಬಿದ ಕೆನ್ನೆಯ ಆ ಹುಡುಗಿಗೂ ಈಕೆಗೂ ನನಗೆ ಯಾವ ಸಂಬಂಧವೂ ಕಾಣುತ್ತಿರಲಿಲ್ಲ. ಕಂಪನಿ ಮುಚ್ಚಿದ ಮೇಲೆ ಗಂಡನೊಂದಿಗೆ ಮುಂಬೈಗೆ ಹೋದಳು. ಗಂಡ ಕಾಮಾಲೆಯಾಗಿ ಸತ್ತ. ಸಿನಿಮಾದವರು ಆಕೆಯ ಕೂದಲು ನೋಡಿ ಒಂದು ದೆವ್ವದ ಪಾರ್ಟು ಕೊಟ್ಟರು.

"ಒಮ್ಮೆ ಸತ್ತಾಕಿ ಪಾರ್ಟ್ ಮಾಡಿದ್ನಿ ನೋಡ್ರಿ, ಮುಂದ ಯಾರೂ ಬದುಕಿದಾಕಿ ಪಾರ್ಟ್ ಕೊಡಲಿಲ್ಲ" ಎಂದಳು ಅವ್ವನಿಗೆ. "ತಾಯಿ ಪಾರ್ಟಾರ ಕೊಡ್ರಪಾ ಅಂದ್ರ, ನಿನ್ನ ನೋಡಿದ್ರ ಜನ ನಗ್ತಾರ ಅಂದ್ರು."

ಹೆದರಿಕೆ ಹೋದ ಮೇಲೆ ನಾನೊಮ್ಮೆ ಕೇಳಿದೆ. "ಮೌಶಿ, ಟಿವ್ಯಾಗ ನಗತೀರಲ್ಲ, ಹಂಗ ಒಮ್ಮೆ ನಗ್ರಿ."

"ಆ ನಗು ನಂದಲ್ಲ ತಂಗಿ. ಬ್ಯಾರೆ ಯಾರೋ ಹೆಣಮಗಳು ಮೈಕಿನ ಮುಂದ ನಿಂತು ನಕ್ಕಾಳ. ಆಕೀನ್ನ ನಾನೂ ನೋಡಿಲ್ಲ. ನಂದು ಬರೇ ನಡಿಯೂದು."

ಆ ನಡಿಗೆಯೇ ಆಕೆಯ ಎದೆ ಕೆಡಿಸಿತ್ತು. ಮೆಟ್ಟಿಲ ಸುತ್ತ ಮಂಜು ಕಾಣಲೆಂದು ಸೆಟ್ಟಿನಲ್ಲಿ ಏನೇನೋ ಎಣ್ಣೆ ಸುಟ್ಟು ಹೊಗೆ ಬಿಡುತ್ತಿದ್ದರಂತೆ. ಅದರೊಳಗಿಂದ ಬಾಯಿ ಮುಚ್ಚಿಕೊಂಡು ಬರಬೇಕು. ಕೆಮ್ಮಿದರೆ ಮತ್ತೆ ಮೊದಲಿಂದ. ವರ್ಷಗಟ್ಟಲೆ ಹಾಗೆ ನಡೆದು ದಮ್ಮು ಗಂಟುಬಿದ್ದ ಮೇಲೆ, ಅವರು ಇನ್ನೊಬ್ಬ ಹುಡುಗಿಯನ್ನು ಹುಡುಕಿಕೊಂಡರು. ಮುಂಬೈಯ ಬಾಡಿಗೆ ನೀಗದೆ ಈಕೆ ಪುಣೆಗೆ ಬಂದಳು. ಆದರೆ ಹಳೆಯ ಕಂತುಗಳನ್ನು ಟಿವಿಯವರು ಮತ್ತೆ ಮತ್ತೆ ಹಾಕುತ್ತಲೇ ಇದ್ದರು.

ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಕಟ್ಟಡದಲ್ಲಿ ಯಾರೂ ಆಕೆಯನ್ನು ಕರೆಯಲಿಲ್ಲ. ವಿಧವೆ ಎಂದರು, ಕಾರಣ ಬೇರೆ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಮೌಶಿಯನ್ನು ಕರೆದು ಎಳ್ಳು ಬೆಲ್ಲ ಕೊಟ್ಟಳು. ಮುಂದಿನ ವರ್ಷ ನಮ್ಮ ಮನೆಗೆ ಬರುವ ಹೆಂಗಸರೂ ಕಡಿಮೆಯಾದರು.

ಆ ವರ್ಷವೇ ಬೇಸಿಗೆಯಲ್ಲಿ ಅದು ನಡೆದದ್ದು. ಮೊದಲ ಮಾಳಿಗೆಯಲ್ಲಿ ಒಬ್ಬ ಎಳೆಯ ಸೊಸೆಯಿದ್ದಳು, ತುಂಬಿದ ಬಸುರಿ. ಒಂದು ಸಂಜೆ ಲೈಟು ಹೋಗಿತ್ತು. ಮೌಶಿ ತಲೆಗೆ ಎರೆದುಕೊಂಡಿದ್ದಳು, ಕೂದಲು ಹರವಿಕೊಂಡು, ಮೇಣಬತ್ತಿ ಹಿಡಿದು, ನೀರು ಬಿಡುವ ವಾಚ್‌ಮನ್‌ನನ್ನು ಕರೆಯಲು ಕೆಳಗಿಳಿದಳು. ಮೇಲೆ ಬರುತ್ತಿದ್ದ ಆ ಹುಡುಗಿ ತಿರುವಿನಲ್ಲಿ ಆಕೆಯನ್ನು ಕಂಡು ಚೀರಿ ಅಲ್ಲೇ ಕುಸಿದು ಕುಳಿತಳು. ಪೆಟ್ಟೇನೂ ಆಗಲಿಲ್ಲ. ಮೌಶಿಯೇ ನೀರು ತಂದು ಕುಡಿಸಲು ಹೋದಳು. ಹುಡುಗಿ ಲೋಟ ನೂಕಿದಳು. ಕೆಲವು ವಾರಗಳ ನಂತರ ಕೂಸು ಹೊಟ್ಟೆಯಲ್ಲೇ ಸತ್ತಿತು. ಡಾಕ್ಟರು ರಕ್ತದೊತ್ತಡ ಎಂದರಂತೆ. ಅತ್ತೆ ಅದನ್ನು ಒಪ್ಪಲಿಲ್ಲ. ಮೌಶಿಯ ಬಾಗಿಲ ಮುಂದೆ ಕುಂಕುಮ ಹಚ್ಚಿದ ಲಿಂಬೆಹಣ್ಣು ಬಂದು ಬಿದ್ದವು.

ಒಂದು ಭಾನುವಾರ ಬೆಳಿಗ್ಗೆ ಕೆಳಗೆ ಪಾರ್ಕಿಂಗಿನಲ್ಲಿ ಎಲ್ಲರೂ ಸೇರಿದರು. ಕಟ್ಟಡದ ಸೆಕ್ರೆಟರಿ ಬ್ಯಾಂಕಿನಲ್ಲಿದ್ದವರು, ಮೆತ್ತಗಿನ ಮಾತಿನವರು. "ನಾವು ಓದಿದವರು, ಇಂಥದ್ದನ್ನೆಲ್ಲ ನಂಬುವುದಿಲ್ಲ" ಎಂದು ಮರಾಠಿಯಲ್ಲಿ ಶುರುಮಾಡಿದರು. "ಆದರೂ ಸಣ್ಣ ಮಕ್ಕಳಿರುವ ಜಾಗ. ಸುಮ್ಮನೆ ಯಾಕೆ?"

ಅವ್ವ ತನ್ನ ಹರಕು ಮರಾಠಿಯಲ್ಲಿ ಜಗಳಕ್ಕೆ ನಿಂತಳು. ಅಪ್ಪ ನೆಲ ನೋಡುತ್ತಿದ್ದ. ಅಷ್ಟರಲ್ಲಿ ಮೌಶಿ ತಾನೇ ಕೆಳಗಿಳಿದು ಬಂದಳು. ಕೈ ಮುಗಿದು ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ, ದಮ್ಮು ಬಂತು. ಎದೆಯಿಂದ ಸೀಟಿಯಂಥ ಸದ್ದು ಹೊರಟಿತು. ಕಣ್ಣು ಅಗಲವಾದವು, ಕುತ್ತಿಗೆಯ ನರ ಉಬ್ಬಿದವು, ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಿತ್ತು. ನಿಲ್ಲಲಾರದೆ ನೆಲಕ್ಕೆ ಕೈಯೂರಿ ಕುಳಿತಳು.

"ಆಲಂ! ಅಂಗಾತ ಆಲಂ!" ಎಂದಳು ಆ ಅತ್ತೆ. ಮೈಮೇಲೆ ಬಂತು ಎಂದು. ಜನ ಹಿಂದೆ ಸರಿದರು. ಯಾರೋ ಒಬ್ಬರು ಮನೆಯಿಂದ ಉಪ್ಪು ತಂದು ಮೌಶಿಯ ಮೇಲೆ ಎರಚಿದರು. ಸೆಕ್ರೆಟರಿಯೂ ಎರಡು ಹೆಜ್ಜೆ ಹಿಂದೆ ಹೋದದ್ದನ್ನು ನಾನು ನೋಡಿದೆ.

"ಸಾಯಾಕತ್ತಾಳ ರೀ! ಔಷಧ ತರ್ರಿ ಯಾರಾರ!" ಎಂದು ಅವ್ವ ಕನ್ನಡದಲ್ಲೇ ಕೂಗಿದಳು. ಅಲ್ಲಿ ಅದು ತಿಳಿಯುತ್ತಿದ್ದದ್ದು ನನಗೂ ಅಪ್ಪನಿಗೂ ಮಾತ್ರ. ಓಡಿದ್ದು ಅಪ್ಪ. ಮೌಶಿಯ ಮನೆಯಿಂದ ಬಾಯಿಗೆ ಹೊಡೆದುಕೊಳ್ಳುವ ಔಷಧದ ಪಂಪು ತಂದುಕೊಟ್ಟ. ಅವ್ವ ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು, ಕೂದಲೊಳಗಿನ ಉಪ್ಪು ಕೊಡವುತ್ತ ಕುಳಿತಳು. ಉಸಿರು ತಿರುಗುವ ಹೊತ್ತಿಗೆ ಪಾರ್ಕಿಂಗು ಖಾಲಿಯಾಗಿತ್ತು.

ಮೌಶಿ ಆ ತಿಂಗಳೇ ದೌಂಡಕ್ಕೆ ಹೋದಳು. ಅಲ್ಲಿ ಆಕೆಯ ತಂಗಿ ಇದ್ದಳು. ತಂಗಿಯ ಮಗನಿಗೆ ರೈಲ್ವೆಯಲ್ಲಿ ನೌಕರಿ, ಎರಡು ಕೋಣೆಯ ಕ್ವಾರ್ಟರ್ಸು. ಅವ್ವ ಆಗಾಗ ನನ್ನನ್ನೂ ಕರೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದಳು. ಪ್ರತಿಸಲ ಮೌಶಿ ಇನ್ನಷ್ಟು ಸಣ್ಣಗಾಗಿರುತ್ತಿದ್ದಳು. ಮೊದಲು ಬಾಗಿಲಲ್ಲಿ ನಿಂತು ಎದುರುಗೊಳ್ಳುತ್ತಿದ್ದವಳು ಆಮೇಲೆ ಕುರ್ಚಿಯಲ್ಲಿ ಸಿಕ್ಕಳು, ಆಮೇಲೆ ಹಾಸಿಗೆಯಲ್ಲಿ. ನಾನು ಕಾಲೇಜು ಮುಗಿಸುವ ವರ್ಷ ತೀರಿಕೊಂಡಳು. ಸುಡಲು ಬಂದವರು ಕ್ವಾರ್ಟರ್ಸಿನ ನಾಲ್ಕಾರು ಜನ. ಒಂದು ಪತ್ರಿಕೆ ಸಣ್ಣ ಸುದ್ದಿ ಹಾಕಿತು, ಪಕ್ಕದಲ್ಲಿ ದೆವ್ವದ ವೇಷದ ಫೋಟೋ.

ಕೆಲವು ವರ್ಷಗಳು ಕಳೆದವು. ಮನೆಮನೆಗೆ ಕೇಬಲ್ ಬಂತು, ಚಾನೆಲ್‌ಗಳು ಲೆಕ್ಕವಿಲ್ಲದಷ್ಟಾದವು. ಹಳೆಯ ದೆವ್ವದ ಧಾರಾವಾಹಿಯನ್ನು ಜನ ಪ್ರೀತಿಯಿಂದ ನೆನಪಿಸಿಕೊಳ್ಳುವ ಕಾಲ ಬಂತು. ನನ್ನ ಆಫೀಸಿನ ಗೆಳತಿಯರೂ "ಎಷ್ಟು ಚೆನ್ನಾಗಿತ್ತಲ್ಲ, ಎಷ್ಟು ಹೆದರುತ್ತಿದ್ದೆವು" ಎನ್ನುತ್ತಿದ್ದರು. ಆಗ ನಾನು ಶಿವಾಜಿನಗರದ ಕೋರ್ಟಿನಲ್ಲಿ ಒಬ್ಬ ವಕೀಲರ ಬಳಿ ಜೂನಿಯರ್. ಎದುರಿನ ಮನೆ ಬಾಡಿಗೆದಾರರು ನಿಲ್ಲದೆ ಬೀಗ ಹಾಕಿಕೊಂಡಿತ್ತು.

ಒಂದು ಸಂಜೆ ಮನೆಗೆ ಬಂದಾಗ ಅವ್ವ ಇಳಕಲ್ ಸೀರೆ ಉಟ್ಟು ಖುಷಿಯಲ್ಲಿದ್ದಳು. ಮಧ್ಯಾಹ್ನ ಟಿವಿಯವರು ಬಂದಿದ್ದರಂತೆ, ದೆವ್ವಗಳನ್ನು ಹುಡುಕುವ ಕಾರ್ಯಕ್ರಮದವರು. ಮುಳ್ಳು ಅಲ್ಲಾಡುವ ಒಂದು ಯಂತ್ರ ಹಿಡಿದು ಎದುರಿನ ಮನೆಯೆಲ್ಲ ಓಡಾಡಿದರಂತೆ.

"ನನ್ನೂ ಕೇಳಿದ್ರು. ನಾ ಎಲ್ಲಾ ಹೇಳೇನಿ" ಎಂದಳು ಅವ್ವ. "ಹಾಡ್ತಿದ್ಲು, ರಾಣಿ ಪಾರ್ಟ್ ಮಾಡ್ತಿದ್ಲು, ದೌಂಡದಾಗ ದಮ್ಮಿನ ಬ್ಯಾನಿಲೆ ಹೋದ್ಲು, ಎಲ್ಲಾ. ಭಾಳ ಹೊತ್ತು ಕೇಳಿದ್ರು ಪಾಪ."

ಕಾರ್ಯಕ್ರಮ ಬಂದ ದಿನ ನಾವು ಮೂವರೂ ಟಿವಿಯ ಮುಂದೆ ಕುಳಿತೆವು. ಆ ಮನೆಯ ಫ್ಯಾನಿಗೆ ಒಂದು ಹಗ್ಗ ಕಟ್ಟಿ ತೂಗಾಡಿಸಿದ್ದರು. ಕೆಲಸ ಸಿಗದ ಹತಾಶೆಯಲ್ಲಿ ನಟಿ ಇಲ್ಲೇ ನೇಣು ಹಾಕಿಕೊಂಡಳು ಎಂದ ನಿರೂಪಕ. ಆಮೇಲೆ ಮೊದಲ ಮಾಳಿಗೆಯ ಆ ಸೊಸೆ ಬಂದಳು. ಈಗ ಎರಡು ಮಕ್ಕಳ ತಾಯಿ. ಮೆಟ್ಟಿಲಲ್ಲಿ ಕಂಡದ್ದನ್ನು, ಕೂಸು ಹೋದದ್ದನ್ನು ಹೇಳುತ್ತ ನಿಜವಾಗಿ ಬಿಕ್ಕಿಬಿಕ್ಕಿ ಅತ್ತಳು. ನನಗೆ ಸಿಟ್ಟು ಬಂತು. ಅವ್ವ ಮಾತ್ರ, "ಅಳಲಿ ಬಿಡ. ಆ ಕೂಸಿನ ಸುದ್ದಿ ಆಕೀನ್ನ ಇವತ್ತಿನ ತನಕ ಯಾರು ಕೇಳ್ಯಾರ?" ಎಂದಳು.

ಅದರ ಬೆನ್ನಿಗೆ ತೆರೆಯ ಮೇಲೆ ಅವ್ವನ ಮುಖ. ಅವ್ವನ ಹಿಂದಿಯಲ್ಲಿ ಭೂತಕಾಲ ಇರಲಿಲ್ಲ. ಎಲ್ಲವೂ ಈಗ ನಡೆದಂತೆಯೇ ಹೇಳುತ್ತಿದ್ದಳು. "ವೋ ರೋಜ್ ಆತೀ ಹೈ. ದೋಪಹರ್ ಕೋ. ಮೇರೇ ಪಾಸ್ ಬೈಠತೀ ಹೈ." ಅವಳು ದಿನಾ ಬರುತ್ತಾಳೆ, ಮಧ್ಯಾಹ್ನ, ನನ್ನ ಬಳಿ ಕೂರುತ್ತಾಳೆ. ಅಷ್ಟೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕತ್ತರಿಸಿದ್ದರು. ಹಿಂದೆ ಗಾಳಿಯ ಊಳು. ಅವ್ವನ ಮುಖವನ್ನು ಸ್ವಲ್ಪ ನೀಲಿ ಮಾಡಿದ್ದರು. ಕೊನೆಗೆ ಹಳೆಯ ಧಾರಾವಾಹಿಯ ತುಣುಕು, ಮೆಟ್ಟಿಲಿಳಿದು ನಡೆದು ಬರುವ ಮೌಶಿ.

"ನಾ ಹಂಗ ಹೇಳಿಲ್ಲ" ಎಂದಳು ಅವ್ವ. ಮತ್ತೆ ಹೇಳಿದಳು. ಅಪ್ಪ ಟಿವಿ ಆರಿಸಿದ.

ಮರುದಿನದಿಂದ ಗುರುತಿಲ್ಲದ ಹೆಂಗಸರು ಬಾಗಿಲು ತಟ್ಟತೊಡಗಿದರು. ಸತ್ತ ಗಂಡ, ಸತ್ತ ಮಗ. ನಿಮ್ಮ ಬಳಿ ಬರುವವಳ ಕೈಲಿ ಒಂದು ಮಾತು ಕೇಳಿಸಿಕೊಡಿ ಎನ್ನುತ್ತಿದ್ದರು. ಅವ್ವ ಕೈ ಮುಗಿದು ಕಳಿಸುತ್ತಿದ್ದಳು. ಕಟ್ಟಡದ ಮಕ್ಕಳು ನಮ್ಮ ಬಾಗಿಲ ಮುಂದೆಯೂ ಓಡತೊಡಗಿದರು. ಅವ್ವನಿಗೆ ಊಟ ಸೇರದಾಯಿತು. ಮಧ್ಯಾಹ್ನ ಸುಮ್ಮನೆ ಗೋಡೆಗೆ ಆತು ಕೂರುತ್ತಿದ್ದಳು.

ನಾನು ನನ್ನ ಸೀನಿಯರ್ ವಕೀಲರನ್ನು ಕೇಳಿದೆ. "ಸತ್ತವರ ಮಾನದ ವಿಷಯ ಕಷ್ಟ" ಎಂದರು. "ನೀವು ಯಾರು ಕೇಳಲು? ರಕ್ತಸಂಬಂಧಿಗಳು ದೂರು ಕೊಟ್ಟರೆ ನೋಡೋಣ." ದೂರು ಬರೆದುಕೊಂಡು ಅವ್ವನನ್ನು ಕರೆದುಕೊಂಡು ದೌಂಡಕ್ಕೆ ಹೊರಟೆ. ಕಬ್ಬಿನ ಹಂಗಾಮು, ಸ್ಟೇಶನ್ನಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಮೌಶಿಯ ತಂಗಿಯ ಕಾಲಿಗೆ ಬೀಳಬೇಕೆಂದು ದಾರಿಯಲ್ಲಿ ಅವ್ವ ಅಂದಳು.

ಮೌಶಿಯ ತಂಗಿ ನಮ್ಮನ್ನು ಕಂಡು ಸಂಭ್ರಮಪಟ್ಟಳು. "ಬರ್ರಿ ಬರ್ರಿ! ಟಿವ್ಯಾಗ ನಿಮ್ಮನ್ನ ನೋಡಿದ್ನಿ. ಆಜೂಬಾಜೂದವರನ್ನೆಲ್ಲಾ ಕರದು ತೋರಿಸಿದ್ನಿ."

ಅವ್ವ ಅಳುತ್ತ, "ನೇಣ ಹಾಕ್ಕೊಂಡ್ಲು ಅಂದಾರಲ್ರಿ. ನನ್ನ ಮಾತೂ ತಿರುವಿ ಹಾಕ್ಯಾರ" ಎಂದಳು.

"ಅವರು ಏನರ ಅನ್ನಲಿ ಬಿಡ್ರಿ. ಆಕೀ ನನ್ನ ತೊಡಿಮ್ಯಾಲೆ ಹ್ವಾದಾಕಿ. ನನಗ ಗೊತ್ತಿಲ್ಲೇನು?" ಎಂದು ತಂಗಿ ಚಹಕ್ಕೆ ನೀರಿಟ್ಟಳು. ನಮ್ಮ ಕಡೆ ಬೆನ್ನು ಮಾಡಿಯೇ ಮಾತು ಮುಂದುವರಿಸಿದಳು. "ಕಡೀಕ ಕಡೀಕ ಪಾಯಖಾನಿಗೂ ನಾನ ಎತಗೊಂಡು ಒಯ್ತಿದ್ನಿ. ಕೂಸಿನಷ್ಟ ಹಗರ ಆಗಿದ್ಲು. ಟಿವ್ಯಾಗ ಹೆಂಗ ನಡೀತಾಳ ನೋಡಿದ್ರ್ಯಾ, ವೈನಿ? ನಮ್ಮ ಹತ್ರ ಒಂದು ಕ್ಯಾಸೆಟ್ ಸುದ್ದಾ ಇಲ್ಲ. ಮತ್ತ ಯಾವಾಗ ಹಾಕ್ತಾರಂತ?"

ನಾನು ದೂರಿನ ಕಾಗದವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಊಟ ಮಾಡಿಸಿಯೇ ಕಳಿಸಿದರು.

ಕೆಲವು ತಿಂಗಳ ಮೇಲೆ ಆ ಸಂಚಿಕೆಯನ್ನು ಒಂದು ಮಧ್ಯಾಹ್ನ ಮತ್ತೆ ಹಾಕಿದರು. ನಾನು ಮನೆಯಲ್ಲಿದ್ದೆ. ಆರಿಸಲು ಎದ್ದ ನನ್ನನ್ನು ಅವ್ವ ತಡೆದಳು. ಧ್ವನಿಯನ್ನು ಪೂರ್ತಿ ಕಡಿಮೆ ಮಾಡಿದಳು. ಹಗ್ಗ, ಸೊಸೆ, ತನ್ನದೇ ನೀಲಿ ಮುಖ, ಎಲ್ಲ ಸದ್ದಿಲ್ಲದೆ ಹೋದವು. ಮೌಶಿ ಮೆಟ್ಟಿಲಿಳಿಯತೊಡಗಿದಾಗ ಅವ್ವ ಟಿವಿಯ ಹತ್ತಿರ ಸರಿದು ನಿಂತಳು.