ರಸ್ತೆಗೆ ಇಳಿಯದ ನಾದಿನಿ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಟೇಪು ಎಂದೇ ಕರೆಯುತ್ತಾರೆ. ಶಾಲೆಯ ಸಮವಸ್ತ್ರದ ಮೇಲೂ ಅವಳ ಸೊಂಟದಲ್ಲಿ ಒಂದು ಸ್ಟೀಲ್ ಟೇಪು ಇರುತ್ತದೆ. ಮಾವನದು ಹಾರ್ಡ್‌ವೇರ್ ಅಂಗಡಿ; ಕೆಳಗೆ ಅಂಗಡಿ, ಮೇಲೆ ಮನೆ. ಅತ್ತೆ ತೀರಿಕೊಂಡಾಗ ಅವಳಿನ್ನೂ ಅಕ್ಷರ ತಿದ್ದುತ್ತಿದ್ದಳಂತೆ. ಮೇಲೆ ಒಬ್ಬಳನ್ನೇ ಬಿಡಲಾಗದೆ ಮಾವ ಅವಳನ್ನು ಅಂಗಡಿಯಲ್ಲೇ ಬೆಳೆಸಿದರು. ಪೇಂಟಿನ ಡಬ್ಬದ ಮೇಲೆ ಕೂತು ಮಗ್ಗಿ ಕಲಿತಳು, ಗಿರಾಕಿಗಳಿಗೆ ಹಗ್ಗ, ವೈರು, ಸೊಳ್ಳೆ ಜಾಲರಿ ಅಳೆದುಕೊಡುತ್ತ ಉದ್ದವಾದಳು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಡೆದದ್ದು. ಮಾವ ಯಾರಿಗೋ ಜಾಲರಿ ಅಳೆಯುತ್ತಿದ್ದರು. ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದ ಇವಳು ತಲೆಯೆತ್ತದೆ, "ಅಪ್ಪಾ, ನಿನ್ನ ಹೆಬ್ಬೆರಳೂ ಅಳತೆಯೊಳಗೆ ಸೇರ್ಕೊಂಡಿದೆ ನೋಡು" ಅಂದಳು. ಗಿರಾಕಿ ನಕ್ಕ. ಮಾವ ಮುಖ ಗಂಟಿಕ್ಕಿಕೊಂಡು ಜಾಲರಿಯನ್ನು ಮತ್ತೆ ಮೊದಲಿಂದ ಅಳೆದರು. ಆದರೆ ಅಲ್ಲಿಂದಾಚೆ ಬಂದವರೆಲ್ಲ "ಟೇಪು ಇಲ್ವಾ?" ಎಂದು ಕೇಳಿಯೇ ಒಳಗೆ ಕಾಲಿಡತೊಡಗಿದರು. ಮಾವನಿಗೆ ಅದು ಹೆಮ್ಮೆಯೋ ಹೊಟ್ಟೆಯುರಿಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವಳ ಶಾಲೆಯಲ್ಲಿ ಕಳೆದ ವರ್ಷ ಭೂಗೋಳಕ್ಕೆ ಸ್ವತಂತ್ರ ಕ್ಷೇತ್ರಕಾರ್ಯ ಅಂತ ಒಂದು ಬಂತು. ಪ್ರಶ್ನೆಯನ್ನು ಮಕ್ಕಳೇ ಹುಡುಕಿಕೊಳ್ಳಬೇಕು, ಹೊರಗೆ ಹೋಗಿ ತಾವೇ ಅಳೆಯಬೇಕು, ನಕ್ಷೆ ಬರೆಯಬೇಕು, ವರದಿ ಒಪ್ಪಿಸಬೇಕು. ಅದು ಚೆನ್ನಾಗಿದ್ದರೆ ಮಾತ್ರ ಮುಂದಿನ ತರಗತಿಯಲ್ಲಿ ಭೂಗೋಳ ಸಿಗುವುದು, ಇಲ್ಲದಿದ್ದರೆ ಲೆಕ್ಕಶಾಸ್ತ್ರ. ಮಾವನಿಗೆ ಲೆಕ್ಕಶಾಸ್ತ್ರವೇ ಆಗಬೇಕಿತ್ತು. ಇವಳಿಗೆ ಗೋಡೆ ತುಂಬ ನಕ್ಷೆಗಳೇ.

ಸ್ವತಂತ್ರ ಅಂದಿದ್ದರೂ ಭೂಗೋಳದ ಮೇಷ್ಟ್ರು ಎಲ್ಲರನ್ನೂ ಬಸ್ಸಿನಲ್ಲಿ ಒಂದೇ ಹೊಳೆಗೆ ಕರೆದೊಯ್ದು, ಒಂದೇ ಕಡೆ ಆಳ ಅಳೆಸಿ, ವರದಿಯ ಮೊದಲ ಪುಟವನ್ನು ಬೋರ್ಡಿನ ಮೇಲೆ ತಾವೇ ಬರೆದುಕೊಡುವವರಿದ್ದರಂತೆ. ಇವಳು ಎದ್ದು ನಿಂತು, ನಾನು ನಮ್ಮ ಬೀದಿಯನ್ನು ಅಳೀತೀನಿ ಅಂದಳಂತೆ. ಬೀದಿಯಲ್ಲಿ ಏನಿದೆ ಭೂಗೋಳ ಎಂದು ಮೇಷ್ಟ್ರು ಕೇಳಿದರಂತೆ. "ಸಾರ್, ನಮ್ಮ ಬೀದಿ ಭೂಮಿ ಮೇಲೇ ಇದೆ" ಅಂದಳಂತೆ. ಇದನ್ನು ಅವಳು ಊಟ ಮಾಡುತ್ತ ಏನೂ ಆಗದವಳ ಹಾಗೆ ಹೇಳಿದಳು. ಹೆದರಿದ್ದು ನಾನು. ಮೇಷ್ಟ್ರ ಜೊತೆ ಹಾಗೆಲ್ಲ ಮಾತಾಡಿದರೆ ನಾಳೆ ನಂಬರು ಕೊಡುವವರು ಯಾರು?

ಅವಳ ಪ್ರಶ್ನೆ ನನ್ನಿಂದಲೇ ಹುಟ್ಟಿದ್ದು. ನಾನು ಹಗ್ಗ ಕಂಡರೆ ಹಾವು ಅನ್ನುವ ಜಾತಿ. ಮಗ ಹುಟ್ಟಿದ ಮೇಲೆ ದಾರ ಕಂಡರೂ ಹಾವೇ. ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗಿಬಂದ ದಿನವೆಲ್ಲ ಮನೆಯಲ್ಲಿ ಅದೇ ಪುರಾಣ: ಫುಟ್‌ಪಾತಿನಲ್ಲಿ ಜಾಗವಿಲ್ಲ, ಗಾಡಿ ರಸ್ತೆಗೆ ಇಳಿಸಬೇಕು, ಹಿಂದಿನಿಂದ ಲಾರಿ, ನನ್ನ ಜೀವ ಬಾಯಿಗೆ. ನನ್ನ ಗಂಡ ಹೂಂಗುಟ್ಟಿ ಸುಮ್ಮನಾಗುತ್ತಿದ್ದರು. ಇವಳು ಸುಮ್ಮನಾಗಲಿಲ್ಲ. "ಎಲ್ಲೆಲ್ಲಿ ಇಳೀತೀರಿ ಅತ್ತಿಗೆ?" ಎಂದು ಕೇಳಿದಳು. ಎಲ್ಲೆಲ್ಲಿ ಅಂದರೆ ಎಲ್ಲೆಲ್ಲೂ, ಅಂದೆ. ಹಾಗಂದರೆ ನಕ್ಷೆಯಲ್ಲಿ ಗುರುತು ಹಾಕಲಾಗುವುದಿಲ್ಲವಲ್ಲ ಎಂದಳು.

ಅವಳ ಊಹೆ ಇಷ್ಟು: ನಮ್ಮ ಬೀದಿಯ ಫುಟ್‌ಪಾತು ಮಗುವಿನ ಗಾಡಿಗೆ ಸಾಲದಷ್ಟು ಕಿರಿದು. ಅದನ್ನು ನೋಡುವ ವಿಧಾನವನ್ನೂ ಅವಳೇ ಮಾಡಿಕೊಂಡಳು. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಡಿ ತಳ್ಳುವುದು, ಮುಂದಕ್ಕೆ ಹೋಗಲಾಗದೆ ರಸ್ತೆಗೆ ಇಳಿಸಬೇಕಾದಲ್ಲೆಲ್ಲ ನಿಂತು, ಉಳಿದ ಸಂದನ್ನು ಅಳೆದು, ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡುವುದು. ಒಂದೊಂದು ಚುಕ್ಕೆಗೂ ‘ಇಳಿತ’ ಅಂತ ಹೆಸರಿಟ್ಟಳು. ಗಾಡಿಯಲ್ಲಿ ನನ್ನ ಮಗನನ್ನು ಕೂರಿಸಲು ನಾನು ಸುತರಾಂ ಒಪ್ಪಲಿಲ್ಲ. ಅಂಗಡಿಯಿಂದ ಅವನಷ್ಟೇ ತೂಕದ ಬಿಳಿ ಸಿಮೆಂಟಿನ ಚೀಲ ತಂದು ಕೂರಿಸಿದಳು. ಮಗು ಉಸಿರಾಡುವ ಜಾಗದಲ್ಲಿ ಸಿಮೆಂಟಿನ ಧೂಳು! ನಾನು ಕೆಳಗೊಂದು, ಮೇಲೊಂದು ಟವೆಲ್ಲು ಹಾಸಿ ಹೊದಿಸಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ಹೊರಟಳು, ಶಾಲೆಗೆ ರಜೆಯಿರುವ ದಿನ ಅದೊಂದೇ. ದೂರದಲ್ಲಿ ನಾನೂ ಮಗನನ್ನು ಎತ್ತಿಕೊಂಡು ಹಿಂಬಾಲಿಸಿದೆ, ಯಾಕೆಂದು ಕೇಳಬೇಡಿ. ಔಷಧದಂಗಡಿಯಾಕೆ ಬಾಗಿಲು ಅರ್ಧ ತೆರೆದು ನಿಂತಿದ್ದಳು. ಮುದ್ದು ಮಾಡಲು ಬಂದು ಟವೆಲ್ಲು ಸರಿಸಿದವಳು ಒಂದು ಗಳಿಗೆ ಚೀಲವನ್ನೇ ನೋಡಿ, "ಥೇಟ್ ತಾತನ ಮುಖ ಕಣೇ" ಅಂದಳು.

ಮನೆಗೆ ಬಂದಾಗ ನಕ್ಷೆಯಲ್ಲಿ ಒಂದೇ ಒಂದು ಚುಕ್ಕೆ ಇತ್ತು. ಅದೂ ಲೈಟುಕಂಬದ ಹತ್ತಿರ. ಉಳಿದಲ್ಲೆಲ್ಲ ಎರಡು ಗಾಡಿ ಪಕ್ಕಪಕ್ಕ ಹೋಗುವಷ್ಟು ಅಗಲ. ಊಹೆ ನೆಲಕಚ್ಚಿತ್ತು. ಮಾರನೆಯ ದಿನ ಮೇಷ್ಟ್ರು ನೋಡಿ, ಹೇಳಲಿಲ್ಲವೇ, ಇನ್ನೂ ಬಸ್ಸಿನಲ್ಲಿ ಸೀಟಿದೆ ಎಂದರಂತೆ. ಅವಳು ಮಂಚದ ಮೇಲೆ ನಕ್ಷೆ ಹರಡಿ ಕೂತಿದ್ದಳು. ಅತ್ತಿರಲಿಲ್ಲ; ಅವಳು ಅಳುವುದು ಕಡಿಮೆ. ಆದರೆ ಟೇಪನ್ನು ಎಳೆಯುತ್ತ ಬಿಡುತ್ತ, ಎಳೆಯುತ್ತ ಬಿಡುತ್ತ ಇದ್ದಳು.

ಸಮಾಧಾನ ಹೇಳಬೇಕಾದ ನನಗೆ ಸಿಟ್ಟೇ ಬಂತು. ಹಾಗಾದರೆ ನಾನು ಇಷ್ಟು ದಿನ ಕಂಡದ್ದು ಸುಳ್ಳೇ? "ನಿನಗೆ ಇಳಿಯೋದು ಹೇಗೆ ಸಿಗತ್ತೆ? ಭಾನುವಾರ ಬಾಗಿಲು ತೆಗೆಯೋದು ಔಷಧದಂಗಡಿ ಒಂದೇ. ನಾನೇನು ಭಾನುವಾರ ಹೋಗ್ತೀನಾ?" ಅಂದೆ.

ಟೇಪು ಸರ್ರನೆ ಒಳಗೆ ಸೇರಿಕೊಂಡಿತು. ಅವಳು ನನ್ನ ಮುಖವನ್ನೇ ನೋಡಿದಳು. "ಅತ್ತಿಗೆ, ನಾನು ಅಂಗಡಿಯಲ್ಲೇ ಬೆಳೆದೋಳು. ನನಗೇ ಹೊಳೀಲಿಲ್ಲ ನೋಡಿ" ಅಂದಳು.

ಆ ವಾರ ಪ್ರತಿದಿನ ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನು ಕೂರಿಸಿಕೊಂಡು ಹೊರಟಳು. ಬೇಕರಿಯ ಮುಂದೆ ಬ್ರೆಡ್ಡಿನ ಟ್ರೇಗಳ ಗೋಪುರ, ದರ್ಜಿಯ ಮುಂದೆ ಬಟ್ಟೆ ತೊಡಿಸಿದ ಗೊಂಬೆಗಳ ಸಾಲು, ಔಷಧದಂಗಡಿಯ ಮುಂದೆ ಬೋರ್ಡು, ಬೋರ್ಡಿಗೆ ಒರಗಿದ ಬೈಕುಗಳು. ಇವಳು ಪ್ರತಿಯೊಂದರ ಮುಂದೂ ಮಂಡಿಯೂರಿ ಟೇಪು ಹಿಡಿದಳು. ಬೇಕರಿಯವನು ಯಾರು ಕಳಿಸಿದರು ನಿನ್ನನ್ನು ಎಂದು ಜಬರಿಸಿದ. ಮೇಷ್ಟ್ರು ಕಳಿಸಿಲ್ಲ, ನಾನೇ ಬಂದಿದ್ದೀನಿ ಅಂದಳಂತೆ. ಅವನಿಗೆ ಅದು ಇನ್ನೂ ಅಪಾಯದ್ದಾಗಿ ಕಂಡಿರಬೇಕು. ಸಂಜೆಯ ನಕ್ಷೆ ದಡಾರ ಎದ್ದ ಮಗುವಿನ ಬೆನ್ನಿನ ಹಾಗಾಯಿತು.

ಸಂಜೆಯದನ್ನು ಅವಳು ಕೆಳಗಿನದು ಕಾಣುವಂಥ ಬಟರ್ ಪೇಪರಿನ ಮೇಲೆ ಬರೆದು, ಭಾನುವಾರದ ನಕ್ಷೆಯ ಮೇಲಂಚಿಗೆ ಮಾತ್ರ ಅಂಟಿಸಿದಳು. ಬಟರ್ ಪೇಪರ್ ಎತ್ತಿದರೆ ಅಗಲವಾದ ಬೀದಿ, ಬಿಟ್ಟರೆ ಕೆಂಪು. ವರದಿಯಲ್ಲಿ ಬರೆದಳು: ನನ್ನ ಊಹೆ ತಪ್ಪು. ಫುಟ್‌ಪಾತು ಕಿರಿದಲ್ಲ. ನಾವು ಅದನ್ನು ಕಿರಿದು ಮಾಡಿಕೊಂಡಿದ್ದೇವೆ. ಮೇಷ್ಟ್ರು ಕರಡು ಓದಿ, ಭಾನುವಾರದ ಪುಟ ಕಿತ್ತುಹಾಕು, ಮೊದಲ ಸಲ ತಪ್ಪಿದ್ದನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ, ನಂಬರು ಹೋಗುತ್ತದೆ ಎಂದರಂತೆ. ಹೋದರೆ ಹೋಗಲಿ ಸಾರ್, ಆ ಪುಟ ಕಿತ್ತರೆ ನನ್ನ ಉತ್ತರವೇ ಹೋಗುತ್ತದೆ ಅಂದಳಂತೆ.

ಇಷ್ಟಾದರೂ ನಾನು ನಕ್ಷೆಯನ್ನು ಸರಿಯಾಗಿ ನೋಡಿರಲಿಲ್ಲ. ನೋಡಿದವರು ಮಾವ. ಒಪ್ಪಿಸುವ ಹಿಂದಿನ ದಿನ, ಇದು ವಿದ್ಯಾರ್ಥಿಯ ಸ್ವಂತ ಕೆಲಸ ಎಂದು ಪೋಷಕರ ಸಹಿ ಬೇಕು ಅಂತ ಅವಳು ಅಂಗಡಿಗೆ ಇಳಿದಳು. ಮಗನಿಗೆ ಗಂಜಿ ತಿನ್ನಿಸುತ್ತಿದ್ದ ನನಗೆ ಮೇಲಿನವರೆಗೂ ದನಿ ಕೇಳಿಸಿತು. ಅವನನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದೆ.

ಬೀದಿಯಲ್ಲೇ ಅತಿ ದೊಡ್ಡ ಚುಕ್ಕೆ ನಮ್ಮ ಅಂಗಡಿಯದು. ಏಣಿಗಳು, ಪೈಪಿನ ಕಟ್ಟುಗಳು, ಖಾಲಿ ಡ್ರಮ್ಮುಗಳು. ಸಂದು ಎಷ್ಟು ಎಂದು ಬರೆಯುವ ಜಾಗದಲ್ಲಿ ‘ಇಲ್ಲ’ ಎಂದಿತ್ತು.

"ಉಂಡ ಮನೆ ಜಂತೆ ಎಣಿಸ್ತೀಯಾ?" ಅಂದರು ಮಾವ.

"ಜಂತೆ ಎಣಿಸಿಲ್ಲಪ್ಪ. ಏಣಿ ಎಣಿಸಿದೀನಿ."

"ನಮ್ಮದೊಂದು ಅಳಿಸು. ಈಗಲೇ ಸಹಿ ಹಾಕ್ತೀನಿ. ಬೇರೆಯವರದು ಇರಲಿ, ನಾನು ಬೇಡ ಅಂದ್ನಾ?"

"ನಮ್ಮದು ಅಳಿಸಿ ಬೇಕರಿಯವರದು ಇಟ್ರೆ ಅದು ನಕ್ಷೆ ಅಲ್ಲ, ಚಾಡಿ."

ಮಾವ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಹಾಗಾದರೆ ಸಹಿಯಿಲ್ಲ, ಲೆಕ್ಕಶಾಸ್ತ್ರ ಓದಿದರೆ ಅಂಗಡಿಗಾದರೂ ಆಗುತ್ತದೆ ಅಂದರು. ಅವಳು ರಬ್ಬರಿಗೆ ಕೈ ಹಾಕಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತತೊಡಗಿದಳು. ನಾನು ಮಗನನ್ನು ಪೇಂಟಿನ ಡಬ್ಬದ ಮೇಲೆ ಕೂರಿಸಿ, ಬಿದ್ದಾನೆಂದು ಒಂದು ಕೈಯಲ್ಲಿ ಅವನನ್ನೂ ಹಿಡಿದುಕೊಂಡು, ಇನ್ನೊಂದು ಕೈ ಚಾಚಿ "ಪೆನ್ನು ಕೊಡಿ ಮಾವ" ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಅವರು ಕೊಡಲಿಲ್ಲ. ಟೇಪು ತನ್ನ ಪೆನ್ಸಿಲ್ ಡಬ್ಬಿಯಿಂದ ಒಂದು ತೆಗೆದುಕೊಟ್ಟಳು. ಪೋಷಕರು ಎಂದಿದ್ದ ಕಡೆ ನನ್ನ ಹೆಸರು ಬರೆದು, ಸಂಬಂಧ ಎಂದಿದ್ದ ಕಡೆ ಅತ್ತಿಗೆ ಎಂದು ಬರೆದೆ. ಅಕ್ಷರ ಏಣಿ ಹತ್ತಿದ ಹಾಗೆ ಬಂದಿದೆ. ಮಾವ ಆ ರಾತ್ರಿ ನನ್ನ ಕೈಯಿಂದ ನೀರನ್ನೂ ಇಸಿದುಕೊಳ್ಳಲಿಲ್ಲ.

ಶಾಲೆಯವರು ಎಲ್ಲ ನಕ್ಷೆಗಳನ್ನೂ ಸಭಾಂಗಣದಲ್ಲಿ ತೂಗುಹಾಕಿ ಮನೆಯವರನ್ನು ಕರೆದರು. ಗೋಡೆಯುದ್ದಕ್ಕೂ ಅದೇ ಹೊಳೆ, ಅದೇ ಆಳ. ಕೊನೆಯಲ್ಲಿ ನಮ್ಮ ಬೀದಿ. ಅದರ ಮುಂದೆ ಜನ ಸಾಲು ನಿಂತು ಬಟರ್ ಪೇಪರ್ ಎತ್ತುತ್ತಿದ್ದರು, ಬಿಡುತ್ತಿದ್ದರು. ಬೇಕರಿಯವನ ಮಗಳೂ ಅದೇ ಶಾಲೆ. ಅವನು ತನ್ನ ಚುಕ್ಕೆ ಹುಡುಕಿಕೊಂಡು, ಮಾವನ ಕಡೆ ತಿರುಗಿ, ಬೀದಿಯವರ ಮರ್ಯಾದೆ ತೆಗೆಯಲು ಮಗಳನ್ನು ಬಿಟ್ಟಿದ್ದೀರಾ, ನಿಮ್ಮ ಚುಕ್ಕೆ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ದನಿಯೇರಿಸಿದ. ನಾನು ಮಗನ ಕಿವಿ ಮುಚ್ಚಿದೆ. ಮಾವ ಕನ್ನಡಕ ಸರಿಮಾಡಿಕೊಂಡು, ನಕ್ಷೆಯ ಮೇಲೆ ಬೆರಳಿಟ್ಟು ಹೇಳಿದ್ದು ಇಷ್ಟೇ: "ಕಣ್ಣು ಬಿಟ್ಟು ನೋಡಯ್ಯಾ. ಎಲ್ಲಕ್ಕಿಂತ ದೊಡ್ಡದು ನಮ್ಮದು."

ಬೇಕರಿಯವನು ತನ್ನ ಮಗಳ ಹೊಳೆ ನೋಡಲು ಹೊರಟುಹೋದ. ಮೇಷ್ಟ್ರು ಪ್ರಾಜೆಕ್ಟನ್ನು ಒಪ್ಪಿಕೊಂಡರು; ಭಾನುವಾರದ ಪುಟಕ್ಕೆ ನಂಬರು ಕಳೆದೇ ಒಪ್ಪಿಕೊಂಡರು. ಅವಳಿಗೀಗ ಭೂಗೋಳ ಸಿಕ್ಕಿದೆ.

ಬೀದಿ ಬದಲಾಯಿತೆಂದು ನೀವು ಭಾವಿಸಿದರೆ ಅದು ಸುಳ್ಳಾಗುತ್ತದೆ. ನಕ್ಷೆ ತೂಗುಹಾಕಿದ ಮಾರನೆಯ ಬೆಳಿಗ್ಗೆಯೂ ಟ್ರೇಗಳ ಗೋಪುರ ಎದ್ದಿತು, ನಮ್ಮ ಏಣಿಗಳು ಹೊರಗೆ ಬಂದವು. ಆ ದಿನ ಮಗನಿಗೆ ಚುಚ್ಚುಮದ್ದು ಹಾಕಿಸಬೇಕಿತ್ತು. ಟೇಪು ಶಾಲೆಗೆ ಹೋಗುವ ಮೊದಲು ನನ್ನ ಜೊತೆ ಹೊರಟಳು. ಏಣಿಯ ಹತ್ತಿರ ಬಂದದ್ದೇ ಅಭ್ಯಾಸಬಲದಿಂದ ನಾನು ಗಾಡಿಯನ್ನು ರಸ್ತೆಯತ್ತ ತಿರುಗಿಸಿದೆ. ಅವಳು ಹಿಡಿಯ ಮೇಲೆ ಕೈಯಿಟ್ಟಳು.

"ಇಳೀಬೇಡಿ ಅತ್ತಿಗೆ. ನಿಂತ್ಕೊಳ್ಳಿ."

ನಿಂತೆವು. ಮಾವ ಗಲ್ಲಾದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಹಿಂದೆ ಇಬ್ಬರು ಬಂದು ನಿಂತರು, ಅವರ ಹಿಂದೆ ಕೋಲೂರಿಕೊಂಡ ಒಬ್ಬ ಮುದುಕಿ. ಮಗ ಕೈ ಚಾಚಿ "ತಾತ" ಅಂದ. ಚುಚ್ಚುಮದ್ದಿಗೆ ಹೊತ್ತಾಗುತ್ತಿತ್ತು, ಮುದುಕಿ ಏನಮ್ಮಾ ಆಯ್ತು ಎಂದು ಎರಡು ಸಲ ಕೇಳಿದಳು. ಆದರೂ ಗಾಡಿಯ ಚಕ್ರವನ್ನು ಕಲ್ಲಿನ ಅಂಚಿನಿಂದ ಕೆಳಗೆ ಬಿಡಲಿಲ್ಲ.

ಮಾವ ಗೊಣಗುತ್ತ ಎದ್ದು ಬಂದರು. ಏಣಿಯನ್ನು ಎತ್ತಿ ಒಳಗಿನ ಗೋಡೆಗೆ ಒರಗಿಸಿದರು. ಟೇಪು ಆಗಲೇ ಮಂಡಿಯೂರಿ ಸಂದನ್ನು ಅಳೆಯುತ್ತಿದ್ದಳು.

"ಡ್ರಮ್ಮೂ ಸರಿಸಬೇಕಪ್ಪ" ಅಂದಳು.