ಇದು ಹತ್ತು ಆಷಾಢ ದಾಟಲಿ

ಸೋಸಲೆಯ ಚೆಲುವಯ್ಯನವರೊಡನೆ ಮೊದಲ ಮಾತುಕತೆ ಗೊತ್ತಾಗುವುದಕ್ಕೆ ಮೂರು ತಿಂಗಳು ಹಿಡಿಯಿತು. ಹಾಡುಗಳ ದಾಖಲೆಗೆಂದು 2007ರ ಏಪ್ರಿಲಿನಲ್ಲಿ ಮೈಸೂರಿನಿಂದ ಹೊರಟ ಮೊದಲ ಕೋರಿಕೆ ಅವರನ್ನು ತಲುಪಿದ್ದು ತಿ. ನರಸೀಪುರದ ಒಬ್ಬ ದರ್ಜಿಯ ಮೂಲಕ. ಅವರ ಬ್ಯಾಂಡ್ ಸೆಟ್ಟಿನ ಕೆಂಪು ಕೋಟುಗಳನ್ನು ಹೊಲಿಯುತ್ತಿದ್ದವನು ಆತನೇ. ಉತ್ತರವೂ ಆತನ ಬಾಯಿಂದಲೇ ಬಂತು: “ಲಗ್ನದ ಕಾಲ್ದಲ್ಲಿ ನನ್ ಬಾಯಿ ಕ್ಲಾರಿನೆಟ್‌ಗೆ ಮೀಸ್ಲು ಅಂತ ಯೋಳು.” ಜೂನ್ ಕೊನೆಯಲ್ಲಿ ಮತ್ತೊಮ್ಮೆ ಹೇಳಿ ಕಳಿಸಿದಾಗ ಉತ್ತರ ಇನ್ನೂ ಚಿಕ್ಕದಾಗಿತ್ತು: “ಆಸಾಡ ಬರ್ಲಿ.”

ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಯಿಲ್ಲದ ಮೇಲೆ ಬ್ಯಾಂಡಿಗೆ ಕೆಲಸವಿಲ್ಲ. ಆ ತಿಂಗಳು ಕೋಟುಗಳು ಗಂಟಿನೊಳಗೆ ಸೇರುತ್ತವೆ, ಡ್ರಮ್ಮುಗಳು ಅಟ್ಟ ಹತ್ತುತ್ತವೆ. ಹೀಗಾಗಿ ಜುಲೈ 18ರ ಬುಧವಾರ ಬೆಳಿಗ್ಗೆ ಚೆಲುವಯ್ಯನವರು ತಮ್ಮ ಮನೆಯ ಜಗುಲಿಯ ಮೇಲೆ, ಬನಿಯನ್-ಪಂಚೆಯಲ್ಲಿ, ಮಾತಿಗೆ ಸಿಕ್ಕಿದರು. ಹೆಂಡತಿ ಚಿನ್ನಮ್ಮ ಒಳಗಿನಿಂದ ಕಾಫಿ ತಂದಿಟ್ಟು ಬಾಗಿಲ ಬಳಿಯೇ ಕೂತರು. ಅಕ್ಕನ ಮಗ ರಾಜೇಂದ್ರ, ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು, ಒಂದು ಮೂಲೆಯಲ್ಲಿ ತನ್ನ ವಾದ್ಯವನ್ನು ತಿಕ್ಕುತ್ತ ಕೂತಿದ್ದ. ಮಾವನ ಮಾತಿನಲ್ಲಿ ತನ್ನ ಪ್ರಸ್ತಾಪ ಎಲ್ಲಿ ಬರುವುದೋ ಎಂಬ ನಿರೀಕ್ಷೆ ಅವನ ಮುಖದಲ್ಲಿತ್ತು.

ಮೊದಲು ಕೇಳಲಾದ ಪ್ರಶ್ನೆ ಸರಳವಾದದ್ದು. ಈಗಿನ ಪಾಪ್ ಹಾಡುಗಾರರು ಬಹುಕಾಲ ಜನರ ನಾಲಗೆಯ ಮೇಲೆ ಉಳಿಯಬಲ್ಲರೆ?

“ಉಳ್ಯಕ್ಕೆ ಅದೇನು ಉಪ್ಪಿನ್ಕಾಯಾ ಸಾ?” ಎಂದರು ಚೆಲುವಯ್ಯನವರು.

ಹಾಡುಗಾರರ ವಿಷಯದಲ್ಲಿ ಅವರ ಬಾಯಿಂದ ‘ಅವನು’, ‘ಅವಳು’ ಎಂಬ ಮಾತು ಬರುವುದಿಲ್ಲ. ಎಲ್ಲರೂ ‘ಅದು’, ‘ಇದು’. ಹೆಸರು ಹಿಡಿದು ಕರೆಯುವ ಮರ್ಯಾದೆಯನ್ನಂತೂ ಅವರು ಯಾರಿಗೂ ಕೊಟ್ಟವರಲ್ಲ. ತೊಂಬತ್ತನಾಲ್ಕರ ಲಗ್ನಗಳಲ್ಲಿ ಎಲ್ಲರೂ ಕೇಳುತ್ತಿದ್ದದ್ದು ‘ಕರೀ ಕನ್ನಡಕದ್ದು’. ಅದರ ಮುಂದಿನ ವರ್ಷ ‘ಅರ್ದೋದ್ ಪ್ಯಾಂಟಿಂದು’. ಆಮೇಲೊಂದು ‘ಕಿವೀಗೆ ವಾಲೆ ಆಕ್ಕಂಡಿದ್ದು’. “ಆಡಕ್ಕೆ ಮುಂಚೆ ಸ್ಟೇಜ್ ತುಂಬಾ ವಗೆ ಬುಟ್ಕತವೆ. ನಮ್ಮಲ್ಲಿ ಸೊಳ್ಳೆ ಓಡ್ಸಕ್ಕೆ ಅಂಗೆ ವಗೆ ಆಕ್ತಾರೆ. ಇವು ಮಾತ್ರ ವಗೆ ವಳಗಿಂದ್ಲೇ ಬತ್ತವೆ” ಎಂದು ಅವರು ಗಂಭೀರವಾಗಿಯೇ ವಿವರಿಸಿದರು.

ಈ ತಿರಸ್ಕಾರಕ್ಕೆ ಅವರಲ್ಲಿ ಒಂದು ಪದ್ಧತಿಯ ಬೆಂಬಲವಿತ್ತು. ಹೊಸ ಹಾಡು ಬಂದ ಕೂಡಲೇ ಅದನ್ನು ಅವರು ಬ್ಯಾಂಡಿಗೆ ಕಲಿಸುತ್ತಿರಲಿಲ್ಲ. ಅದು ಒಂದು ಆಷಾಢವನ್ನು ದಾಟಬೇಕು. ಮದುವೆಗಳಿಲ್ಲದ, ಮೈಕುಗಳು ಬಾಯಿ ಮುಚ್ಚಿಕೊಂಡಿರುವ ಆ ಒಂದು ತಿಂಗಳಲ್ಲಿ ಜನ ಹಾಡನ್ನು ಮರೆತರೆ ಅದು ಹಾಡೇ ಅಲ್ಲ. ಶ್ರಾವಣದ ಮೊದಲ ಲಗ್ನದಲ್ಲಿ ಯಾರಾದರೂ ತಾವಾಗಿ ಅದನ್ನು ಕೇಳಿದರೆ ಮಾತ್ರ ಮಾರನೆಯ ದಿನ ಅಭ್ಯಾಸ. ಈ ಜರಡಿಯಲ್ಲಿ ನಿಂತ ಹಾಡುಗಳು ಬಹಳ ಕಡಿಮೆ. ಇದರಿಂದ ಎಷ್ಟೋ ಮದುವೆಗಳು ಕೈತಪ್ಪಿ, ಕೇಳಿದ್ದನ್ನು ಕೇಳಿದ ಗಳಿಗೆಯಲ್ಲಿ ಊದುವ ಬೇರೆ ಸೆಟ್ಟುಗಳ ಪಾಲಾದವು. ಚೆಲುವಯ್ಯನವರು ಜಗ್ಗಲಿಲ್ಲ.

ಜಗ್ಗದಿರುವುದಕ್ಕೆ ಕಾರಣ ಹಿಂದಿನದು. ಅವರ ತಂದೆ ತಮಟೆ ಬಡಿಯುತ್ತಿದ್ದವರು. ಚಪ್ಪರದ ಹೊರಗೆ, ಎಂಜಲೆಲೆ ಬೀಳುವ ಕಡೆ, ಅವರಿಗೆ ಜಾಗ. ಚೆಲುವಯ್ಯನವರು ಹದಿನಾರನೆಯ ವಯಸ್ಸಿನಲ್ಲಿ ಮೈಸೂರಿಗೆ ಹೋಗಿ, ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿದ್ದ ಒಬ್ಬರ ಮನೆಯಲ್ಲಿ ನೀರು ಹೊತ್ತು ಕ್ಲಾರಿನೆಟ್ ಕಲಿತು ಬಂದರು. ಕೋಟು ತೊಟ್ಟು, ಟೋಪಿ ಇಟ್ಟು, ಮದುವಣಿಗನಿಗಿಂತ ಮುಂದೆ ನಂಜನಗೂಡಿನ ಅಂಗಡಿಬೀದಿಯಲ್ಲಿ ನಡೆದ ಮೊದಲ ದಿನ ಅವರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆಯಲ್ಲೂ ಮುಂದಿನ ಸಾಲು ಅವರದೇ. “ಮುಂದ್ಗಡೆ ನಡ್ಯೋನು ಕಂಡ್ ಕಂಡದ್ದೆಲ್ಲ ಊದ್ಬಾರ್ದು” ಎಂಬುದು ಅವರ ಮಾತು. ಮುಂದಿನ ಸಾಲು ಎಂದರೆ ಅವರಿಗೆ ಬರಿಯ ಜಾಗವಲ್ಲ.

ಆ ಜಾಗವನ್ನೇ ಅವರು 1998ರಲ್ಲಿ ಪಣಕ್ಕೊಡ್ಡಿದರು.

ಆ ವರ್ಷ ರಿಕ್ಕಿ ಸುಮಂತ್ ಎಂಬ ಯುವಕನ ಕ್ಯಾಸೆಟ್ಟು ಹೊರಬಂದಿತ್ತು. ಕೂದಲನ್ನು ಕೆಂಚಗೆ ಮಾಡಿಕೊಂಡಿದ್ದ ಈತ ಚೆಲುವಯ್ಯನವರ ಪಾಲಿಗೆ ‘ಕೆಂಚುಗೂದ್ಲಿಂದು’. ಅವನ ಪ್ರಸಿದ್ಧ ಹಾಡು ಪೇಜರಿನ ಮೇಲೆ. ‘ಸೊಂಟದಲಿ ಪೇಜರು, ಎದೆಯಲಿ ನಿನ್ನ ನಂಬರು’ ಎಂದು ಅದರ ಪಲ್ಲವಿ. ಯಾರು ಫೋನು ಮಾಡಿದರೆಂದು ನಂಬರು ತೋರಿಸುವ ಆ ಪುಟ್ಟ ಪೆಟ್ಟಿಗೆಯನ್ನು ತಿ. ನರಸೀಪುರದಲ್ಲಿ ಆಗ ಕಂಡವರೇ ಇರಲಿಲ್ಲ. ಒಂದು ಮದುವೆಗೆ ಬೆಂಗಳೂರಿನಿಂದ ಬಂದ ನೆಂಟನೊಬ್ಬ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದನ್ನು ನೋಡಿ, ಅದು ಸಕ್ಕರೆ ಕಾಯಿಲೆಯವರ ಯಂತ್ರವೆಂದು ಚಿನ್ನಮ್ಮ ಅವನಿಗೆ ಪಾಯಸ ಬಡಿಸಗೊಟ್ಟಿರಲಿಲ್ಲ.

“ಮಾವ, ಈ ಪದ ಈಗ್ಲೇ ಕಲ್ತುಬುಡಮ. ಎಲ್ಲಿ ನೋಡುದ್ರೂ ಇದೇಯ” ಎಂದ ರಾಜೇಂದ್ರ. ಆಗ ಅವನಿಗೆ ಇಪ್ಪತ್ನಾಲ್ಕು.

“ಆಸಾಡ ದಾಟ್ಲಿ.”

“ಒಂದಲ್ಲ, ಅತ್ತು ಆಸಾಡ ದಾಟ್ತದೆ ನೋಡ್ತಿರು.”

ಬ್ಯಾಂಡಿನವರೆಲ್ಲ ನಕ್ಕರು. ಮಾವನಿಗೆ ರೇಗಿತು. ಎಲ್ಲರ ಎದುರಿಗೇ ಅವರು ಮಾತು ಕೊಟ್ಟರು. ಹತ್ತನೆಯ ಆಷಾಢ ಕಳೆದ ಮೇಲಿನ ಮೊದಲ ಲಗ್ನದಲ್ಲಿ ಯಾರಾದರೂ ಕೇಳಿ ಊದಿಸಿದರೆ ರಾಜೇಂದ್ರ ಮುಂದೆ ನಡೆಯತಕ್ಕದ್ದು. ತಾವು ಕ್ಲಾರಿನೆಟ್ ಕೆಳಗಿಟ್ಟು ಹಿಂದಿನ ಸಾಲಿನಲ್ಲಿ ಗಿಲಕಿ ಅಲ್ಲಾಡಿಸುವುದು. ಬ್ಯಾಂಡಿನಲ್ಲಿ ಗಿಲಕಿ ಅಲ್ಲಾಡಿಸುವ ಕೆಲಸ ಬೇರೇನೂ ಬಾರದವನದು.

ಹಾಡು ಮೊದಲ ಆಷಾಢವನ್ನೇನೋ ದಾಟಿತು. ಆಗಸ್ಟಿನಲ್ಲಿ ನಂಜನಗೂಡಿನ ಒಂದು ಛತ್ರದಲ್ಲಿ ಹುಡುಗಿಯ ಅಣ್ಣ ಬಂದು ಪೇಜರ್ ಹಾಡನ್ನು ಕೇಳಿದ. ಕೇಳಿದ ಹೊತ್ತಾದರೂ ಎಂಥದು? ಹೆಣ್ಣೊಪ್ಪಿಸಿಕೊಡುವ ಶಾಸ್ತ್ರ ನಡೆಯುತ್ತಿತ್ತು; ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಚೆಲುವಯ್ಯನವರಿಗೆ ಮೈಯೆಲ್ಲ ಉರಿಯಿತು. ಇಷ್ಟೊಂದು ಆಸೆಯಿದ್ದರೆ ತಗೊಳ್ಳಿ ಎಂದುಕೊಂಡು, ಅಭ್ಯಾಸಕ್ಕೂ ಕಾಯದೆ, ಆ ಕುಣಿತದ ಹಾಡನ್ನು ಅಣಕಿಸುವುದಕ್ಕಾಗಿಯೇ, ಅದರ ಕಾಲು ಮುರಿದು, ಹೆಣದ ಮುಂದೆ ಊದುವ ನಿಧಾನದಲ್ಲಿ ಊದಿದರು. ನಗು ಬರುತ್ತದೆಂದು ಅವರು ಎಣಿಸಿದ್ದರು. ಹುಡುಗಿಯ ತಾಯಿ ಗೋಳೋ ಎಂದು ಅತ್ತರು. ಅಜ್ಜಿ ಕಂಬ ಹಿಡಿದು ಕುಸಿದರು. ಕೇಳಿದ ಅಣ್ಣನೂ ಕಣ್ಣೊರೆಸಿಕೊಂಡ.

“ಜನಕ್ಕೆ ತಲೆ ಅನ್ನದು ಇದ್ದದಾ ಸಾ? ನಾ ಆಡ್ಕಂಡು ಊದಿದ್ದು. ಪೇಜರ್‌ಗೆ ಅಳ್ತವೆ.”

ಅಲ್ಲಿಂದ ಮುಂದೆ ಹೆಣ್ಣೊಪ್ಪಿಸುವ ಹೊತ್ತಿಗೆ ಆ ಹಾಡು ಬೇಕೇ ಬೇಕು ಎನ್ನುವ ಮನೆಗಳು ಹೆಚ್ಚಿದವು. ಮೊದಮೊದಲು ‘ಪೇಜರ್ ಪದ’ ಎಂದು ಕೇಳುತ್ತಿದ್ದರು. ಮೊಬೈಲುಗಳು ಬಂದು ಪೇಜರುಗಳು ಮಣ್ಣುಪಾಲಾದ ಮೇಲೆ ಆ ಹೆಸರೂ ಬಿದ್ದುಹೋಗಿ ‘ಹೆಣ್ಣೊಪ್ಪಿಸೋ ಪದ’ವಷ್ಟೇ ಉಳಿಯಿತು. ರಿಕ್ಕಿ ಸುಮಂತನ ಎರಡನೆಯ ಕ್ಯಾಸೆಟ್ಟು ಒಂದು ಬೇಸಿಗೆ ಓಡಿತು. ಮೂರನೆಯದನ್ನು ಬಸ್ ಸ್ಟ್ಯಾಂಡಿನ ಅಂಗಡಿಯವರು ಬೇರೆ ಹಾಡು ತುಂಬಿಸಿಕೊಳ್ಳಲು ಕೊಟ್ಟರು. ಆಮೇಲೆ ಅವನ ಮುಖ ಒಡವೆ ಅಂಗಡಿಗಳ ಉದ್ಘಾಟನೆಯ ಬೋರ್ಡುಗಳಲ್ಲಿ, ಮಾಲೀಕನ ಮುಖಕ್ಕಿಂತ ಚಿಕ್ಕದಾಗಿ, ಕಾಣಿಸಿಕೊಳ್ಳುತ್ತಿತ್ತು.

2006ರ ಮೇ ತಿಂಗಳಲ್ಲಿ ನಂಜನಗೂಡಿನ ಒಂದು ಮದುವೆಗೆ ಅವನೇ ಅತಿಥಿಯಾಗಿ ಬಂದ. ಕೂದಲು ಈಗ ಕಪ್ಪು, ಅದೂ ಹಚ್ಚಿದ ಕಪ್ಪು. ಹೆಣ್ಣೊಪ್ಪಿಸುವಾಗ ಬ್ಯಾಂಡು ಎಂದಿನಂತೆ ಊದಿತು. ಊದಿ ಮುಗಿದ ಮೇಲೆ ಅವನು ಎದ್ದು ಚೆಲುವಯ್ಯನವರ ಬಳಿಗೆ ಬಂದ. ಆ ಭೇಟಿಯನ್ನು ಹೇಳುವಾಗ ಚೆಲುವಯ್ಯನವರು ಕಾಲು ಮಡಚಿ ನೆಟ್ಟಗೆ ಕೂತರು.

“ತುಂಬಾ ಫೀಲ್ ಇದೆ ಯಜಮಾನ್ರೆ. ಯಾವ ಕಾಲದ ಜನಪದ ಗೀತೆ ಇದು?” ಎಂದು ಅವನು ಕೇಳಿದನಂತೆ.

“ಜನಪದ ಅಲ್ಲ ಸಾ. ಯಾವ್ದೋ ಒಂದು ಆಡ್ತಿತ್ತು. ಸತ್ತೋಯ್ತು.”

“ಅಯ್ಯೋ ಪಾಪ. ಒಳ್ಳೆ ಕಲಾವಿದ ಇರ್ಬೇಕು.”

“ಅಂಗಂತ ಯಾರೂ ಅಂದಿಲ್ಲ ಸಾ.”

ಇಷ್ಟು ಹೇಳಿ ಚೆಲುವಯ್ಯನವರು ನಕ್ಕ ನಗುವಿಗೆ ಕಾಫಿಯ ಲೋಟ ಉರುಳಿತು. ತನ್ನ ಹಾಡು ತನಗೇ ಗುರುತು ಸಿಗದವನು, ಊರಿಗೆ ಗುರುತು ಸಿಗುವುದೆಂತು? ಈ ಆಷಾಢವೇ ಹತ್ತನೆಯದು. ಇನ್ನು ನಾಲ್ಕು ವಾರ ಕಳೆದರೆ ಶ್ರಾವಣ. ಪಣ ಗೆದ್ದಂತೆಯೇ ಎಂದು ಅವರು ಅಳಿಯನ ಕಡೆ ನೋಡಿದರು. “ಯಾವ್ ಮದ್ವೇಲಾದ್ರೂ ಯಾರಾದ್ರೂ ಕೆಂಚುಗೂದ್ಲಿನ ಎಸ್ರು ಎತ್ತಿದ್ದಾರ್ಲಾ?”

ರಾಜೇಂದ್ರ ಟ್ರಂಪೆಟ್ ಕೆಳಗಿಟ್ಟ. “ಮಾವ, ಆವತ್ತು ಪಣ ಕಟ್ದಾಗ ಏನಂದೆ? ಆಗ್ಲೆ ಆಡಿದ್ಯಲ್ಲ, ಅದೇ ಮಾತ ಇನ್ನೊಂದ್ ಸಲ ಆಡು.”

“ಅಂದಿದ್ದ ಅಂದಿದ್ದೀನಿ. ಏನೀಗ?”

“ಅದೇಯ. ಟೇಪ್ ಆಕ್ಸಿ ಸಾ.”

ಅಂದು ಬೆಳಿಗ್ಗೆ ಧ್ವನಿಮುದ್ರಣಗೊಂಡಿದ್ದ ಭಾಗವನ್ನು ಹಿಂದಕ್ಕೆ ಸುತ್ತಿ ಕೇಳಿಸಲಾಯಿತು. ಚೆಲುವಯ್ಯನವರದೇ ಧ್ವನಿ, ಸ್ಪಷ್ಟವಾಗಿ, ತಿರಸ್ಕಾರ ತುಂಬಿ: “ನಾ ಅಂದೆ, ಇದು ಅತ್ತು ಆಸಾಡ ದಾಟ್ಲಿ, ಇದ ಕೇಳಿ ಊದುಸ್ಲಿ, ನಾ ಗಿಲ್ಕಿ ಆಡುಸ್ತೀನಿ ಅಂದೆ.”

“ಇದು ಅಂದಿದ್ದೀಯ ಮಾವ, ಇವ್ನು ಅಂದಿಲ್ಲ” ಎಂದ ರಾಜೇಂದ್ರ. “ಇದು ಅಂದ್ರೆ ಪದ. ಪದ ದಾಟ್ತದೆ.”

“ಲೇ, ಇದು ಅಂದ್ರೆ ಆ ಕೆಂಚುಗೂದ್ಲಿಂದೇ ಕಣ್ಲಾ. ನಾ ಯಾವತ್ತು ಅದುನ್ನ ಅವ್ನು ಅಂದಿದ್ದೀನಿ?”

“ಅದು ನಿನ್ ಕಷ್ಟ.”

ಬಾಗಿಲ ಬಳಿಯಿಂದ ಚಿನ್ನಮ್ಮನ ನಗು ಕೇಳಿತು. “ಒಂದ್ ಸಲನಾರ ಮನುಸ್ರನ್ನ ಮನುಸ್ರು ಅಂದಿದ್ರೆ ಗೆಲ್ತಿದ್ದೆ ಕಣ್ ಬುಡು. ಇನ್ಮೇಲೆ ಗಿಲ್ಕಿ ಆಡ್ಸು.”

ಯಾರೂ ಕೇಳದಿದ್ದರೆ ಪಣವಿಲ್ಲವಲ್ಲ ಎಂದು ಚೆಲುವಯ್ಯನವರು ಒಂದು ಆಸೆಯ ಎಳೆ ಹಿಡಿದುಕೊಂಡರು. ಶ್ರಾವಣದ ಮೊದಲ ಲಗ್ನಕ್ಕೆ ಹೋಗುವ ಮುನ್ನ ಬೇರೆ ಎರಡು ಹಾಡುಗಳನ್ನು ಬ್ಯಾಂಡಿಗೆ ಚೆನ್ನಾಗಿ ತಿದ್ದಿಸಿದರು. ಹೆಣ್ಣೊಪ್ಪಿಸುವ ಹೊತ್ತು ಬರುವುದಕ್ಕೂ ಮೊದಲೇ ಅವುಗಳಲ್ಲಿ ಒಂದನ್ನು ಎತ್ತಿಕೊಂಡರು. ಅರ್ಧ ಊದಿರಬೇಕು, ಹುಡುಗಿಯ ತಾಯಿ ಕೆಂಪಾಜಮ್ಮ ಕೈಯಲ್ಲಿ ಮಡಿಲಕ್ಕಿಯ ತಟ್ಟೆ ಹಿಡಿದುಕೊಂಡೇ ಬಂದರು.

“ಅದಲ್ಲ ಕಣಣ್ಣೋ. ಎಣ್ಣೊಪ್ಪಿಸೋ ಪದ ಊದು. ನನ್ ಮದ್ವೇಲೂ ಅದ್ನೇ ಊದಿದ್ರು.”

ಕೆಂಪಾಜಮ್ಮನ ಮದುವೆ ಆಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆಗ ಪೇಜರೂ ಇರಲಿಲ್ಲ, ಪೇಜರಿನ ಹಾಡೂ ಇರಲಿಲ್ಲ. ಚೆಲುವಯ್ಯನವರು ಅದನ್ನು ಹೇಳುವುದಕ್ಕೆ ಬಾಯಿ ತೆರೆದರು. ಆಕೆಯ ಕಣ್ಣುಗಳು ಆಗಲೇ ತುಂಬಿದ್ದವು. ಅವರು ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕುರ್ಚಿಯ ಮೇಲಿಟ್ಟು, ಹಿಂದಿನ ಸಾಲಿನವನ ಕೈಯಿಂದ ಗಿಲಕಿ ಇಸಿದುಕೊಂಡರು. ಮುಂದೆ ಹೋಗುತ್ತಿದ್ದ ಅಳಿಯನ ಕೋಟಿನ ತೋಳು ಹಿಡಿದು ಒಂದೇ ಮಾತು ಹೇಳಿದರು: “ನಿದಾನ ಕಣ್ಲಾ. ಅದು ಆಡ್ದಂಗೆ ಊದ್ಬುಟ್ಟೀಯೆ.”

ಹಾಡಿದವನ ಹೆಸರನ್ನು ಊಟದ ಹೊತ್ತಿನಲ್ಲಿ ಮದುವೆ ಮನೆಯವರಲ್ಲಿ ವಿಚಾರಿಸಲಾಯಿತು. ಯಾರಿಗೂ ತಿಳಿದಿರಲಿಲ್ಲ.

ದಾಖಲೆಯಲ್ಲಿ ಬರೆದುಕೊಂಡದ್ದು: 26 ಆಗಸ್ಟ್ 2007, ಭಾನುವಾರ, ನಂಜನಗೂಡು. ಹೆಣ್ಣೊಪ್ಪಿಸುವ ಪದ. ಮುಂದಿನ ಸಾಲು, ಟ್ರಂಪೆಟ್: ರಾಜೇಂದ್ರ. ಹಿಂದಿನ ಸಾಲು, ಗಿಲಕಿ: ಚೆಲುವಯ್ಯ.